ಕೆಂಪು ಚೀಟಿಯ ದುಂಬಿ

ಜೂನ್ 4
ಬೆಟ್ಟದ ಕ್ಯಾಂಪು

ಮೇಡಂ,

ನಾನು ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಜರಡಿಯ ಮಗಳು. ಅಮ್ಮನನ್ನು ಆ ಅಡ್ಡಹೆಸರಿನಿಂದ ಕರೆಯುತ್ತಿದ್ದವರು ಇಬ್ಬರೇ ಅಂತೆ, ತೀರಿಹೋದ ನಿಮ್ಮಿಬ್ಬರ ಮೇಷ್ಟ್ರು ಮತ್ತು ನೀವು. ಕಾಡಿನಲ್ಲಿ ತರಗೆಲೆ ಜಾಲಿಸುವುದು ಅಮ್ಮನ ಕೆಲಸವಾದ್ದರಿಂದ ಅವಳು ಜರಡಿ, ಕೈಯಿಂದ ಇಕ್ಕಳ ಕೆಳಗಿಡದ ನೀವು ಇಕ್ಕಳ. ಇಷ್ಟನ್ನೂ ಅಮ್ಮ ಹೇಳಿದ್ದಲ್ಲ. ಒಂದು ಹಳೆಯ ಫೋಟೋದ ಹಿಂದೆ ಮೇಷ್ಟ್ರು ಬರೆದಿದ್ದರು.

ಎತ್ತರದ ಕಾಡಿನ ರೆಕ್ಕೆಯಿಲ್ಲದ ಕರಿ ದುಂಬಿಯ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಇಪ್ಪತ್ತು ವರ್ಷದ ಹಿಂದೆ ಅಮ್ಮ ಹೆಸರಿಟ್ಟಳಲ್ಲ, ಅದೇ ದುಂಬಿ. ಅದು ಯಾವ ಯಾವ ಬೆಟ್ಟದಲ್ಲಿದೆ, ಎಷ್ಟು ಎತ್ತರಕ್ಕೆ ಹೋದ ಮೇಲೆ ಸಿಗುತ್ತದೆ, ಎಲ್ಲಿ ಹುಡುಕಿದರೂ ಇಲ್ಲ ಎಂಬುದನ್ನು ನಕ್ಷೆಯ ಮೇಲೆ ಗುರುತಿಸುವುದು ನನ್ನ ಕೆಲಸ. ತೊಂದರೆ ಏನೆಂದರೆ ಕೆಳಗಿನ ಕಾಡಿನಲ್ಲಿ ಇದರದೇ ದಾಯಾದಿ ಒಂದಿದೆ. ಮೇಲಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಆದ್ದರಿಂದ ನಾನು ಹಿಡಿದ ಪ್ರತಿಯೊಂದು ದುಂಬಿಯನ್ನೂ ತಿಳಿದವರೊಬ್ಬರು ನೋಡಿ ಸಹಿ ಹಾಕಬೇಕು. ಮಗಳ ಹುಳುವಿಗೆ ತಾಯಿ ಸಾಕ್ಷಿ ಹೇಳಿದರೆ ವೈವಾದಲ್ಲಿ ಪರೀಕ್ಷಕರು ನಗುತ್ತಾರೆ ಎಂದು ನನ್ನ ಗೈಡ್ ಅಂದರು. ಅಮ್ಮನನ್ನು ಬಿಟ್ಟರೆ ಈ ಹುಳುವನ್ನು ಬಲ್ಲವರು ನೀವೊಬ್ಬರೇ.

ಅಮ್ಮನಿಗೆ ಹೇಳಿದೆ. "ಅವಳ ಹತ್ರ ಮಾತ್ರ ಹೋಗ್ಬೇಡ" ಅಂದಳು. ಯಾಕೆ ಅಂತ ಕೇಳಿದ್ದಕ್ಕೆ "ಒಲೆ ಮೇಲೆ ಹಾಲಿಟ್ಟಿದೀನಿ" ಅಂತ ಎದ್ದು ಹೋದಳು. ನಾನು ಹೋಗಿ ನೋಡಿದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಮೊದಲ ಪೆಟ್ಟಿಗೆ ಕಳಿಸುತ್ತಿದ್ದೇನೆ. ಡಿಸೆಂಬರಿನಲ್ಲಿ ವೈವಾ. ಆಗುವುದಿಲ್ಲ ಎನ್ನುವುದಾದರೆ ಪೆಟ್ಟಿಗೆಯನ್ನು ಹಾಗೆಯೇ ವಾಪಸ್ ಮಾಡಿ, ಬೇಜಾರಿಲ್ಲ.

ವಿಶ್ವಾಸದಿಂದ,
ಜರಡಿಯ ಮಗಳು


ಜೂನ್ 15
ಸಂಗ್ರಹಾಲಯದ ನೆಲಮಾಳಿಗೆ

ಪುಟ್ಟಿ,

ಮೇಡಂ ಗೀಡಂ ಬೇಡ. ನೀನು ನನ್ನ ಮೇಜಿನ ಮೇಲೆ ಕೂತು ದುಂಬಿ ಪೆಟ್ಟಿಗೆಯ ಹತ್ತಿ ಬಾಯಿಗೆ ತುರುಕಿಕೊಂಡವಳು. ಬೆರಳು ಹಾಕಿ ಹೊರಗೆ ತೆಗೆದವಳು ನಾನು. ನೀನು ಕಚ್ಚಿದ್ದೆ ಬೇರೆ. ನಿನ್ನ ಅಮ್ಮನಿಗಿಂತ ದೊಡ್ಡವಳು ನಾನು, ಹಾಗಾಗಿ ದೊಡ್ಡಮ್ಮ ಅನ್ನು, ಸಾಕು.

ಪೆಟ್ಟಿಗೆ ತಲುಪಿತು. ಹುಳು ಒಣಗಿಸಿದ್ದು ಚೆನ್ನಾಗಿದೆ, ನುಸಿಗುಳಿಗೆಯೂ ಹದವಾಗಿದೆ. ಸೂಜಿ ಬಲಗಡೆಯ ಚಿಪ್ಪಿಗೇ ಚುಚ್ಚಿದ್ದೀಯ, ಅದೂ ಸರಿ. ಆದರೆ ಒಂದೂ ನೆಟ್ಟಗೆ ನಿಂತಿಲ್ಲ. ಕುಡಿದು ಮನೆಗೆ ಹೊರಟವರ ಹಾಗೆ ಒಂದೊಂದು ಒಂದೊಂದು ಕಡೆ ವಾಲಿದೆ. ಎಲ್ಲವನ್ನೂ ತೆಗೆದು ಮತ್ತೆ ನಿಲ್ಲಿಸಿದ್ದೇನೆ.

ಗುರುತಿಸುವ ಬಗೆ ನಿನಗೆ ಗೊತ್ತಿದ್ದರೂ ಒಮ್ಮೆ ಕೇಳಿಸಿಕೋ. ತೆಳ್ಳನೆಯ ಸೂಜಿಯಿಂದ ಬೆನ್ನ ಮೇಲಿನ ಚಿಪ್ಪನ್ನು ಒಂಚೂರು ಎತ್ತಿ ನೋಡು. ಕೆಳಗಿನ ಕಾಡಿನದಾದರೆ ಚಿಪ್ಪು ಏಳುತ್ತದೆ, ಅಡಿಯಲ್ಲಿ ಮಡಿಸಿಟ್ಟ ರೆಕ್ಕೆ ಕಾಣುತ್ತದೆ. ಬೆಟ್ಟದ ಮೇಲಿನದಾದರೆ ಎರಡು ಚಿಪ್ಪೂ ಬೆಸೆದುಕೊಂಡಿರುತ್ತವೆ, ಏಳುವುದೇ ಇಲ್ಲ. ಅದಕ್ಕೆ ಹಾರುವ ಯೋಗವಿಲ್ಲ. ಹುಟ್ಟಿದ ಬೆಟ್ಟದಲ್ಲೇ ನಡೆದಾಡಿ ಸಾಯುತ್ತದೆ.

ಪ್ರತಿ ಸಾಲಿನ ಮೊದಲಿಗೆ ನನ್ನದೊಂದು ರೆಕ್ಕೆಯ ಹುಳು ಇಟ್ಟಿದ್ದೇನೆ, ಹೋಲಿಸಿ ನೋಡಲು. ಚೀಟಿ ಹಚ್ಚಿಲ್ಲ, ಹುಡುಕಾಡಬೇಡ. ನಾನು ಕೆಲಸ ಮಾಡುವುದೇ ಹೀಗೆ. ಮೇಷ್ಟ್ರು ಬೈದು ಬೈದು ಸಾಕಾಗಿ ಬಿಟ್ಟರು.

ಉಳಿದ ಪೆಟ್ಟಿಗೆಗಳನ್ನೂ ಕಳಿಸು. ಒಂದೊಂದಾಗಿ ನೋಡಿಕೊಡುತ್ತೇನೆ. ವೈವಾಗೆ ನಿನ್ನ ಅಮ್ಮ ಬರುತ್ತಾಳಲ್ಲ? ಮುಂದಿನ ಸಾಲಿನಲ್ಲೇ ಕೂರುತ್ತಾಳೆ ಅಂದುಕೊಂಡಿದ್ದೇನೆ.

ಒದ್ದೆ ಸಾಕ್ಸು ಹಾಕಿಕೊಂಡು ಮಲಗಬೇಡ.

ದೊಡ್ಡಮ್ಮ


ಜೂನ್ 15

ಜರಡಿ,

ನಾನು ಕ್ಷೇಮ. ನಿನ್ನ ಕ್ಷೇಮ ನನಗೆ ಬೇಕಿಲ್ಲ, ಆದ್ದರಿಂದ ಕೇಳುವುದಿಲ್ಲ.

ನಿನ್ನ ಮಗಳು ಕಾಗದ ಬರೆದಿದ್ದಾಳೆ. ನಿನ್ನ ಅಕ್ಷರ ಅವಳಿಗೆ ಬಂದಿಲ್ಲ, ಬದುಕಿಕೊಂಡಳು. ಲಕೋಟೆ ಒಡೆದ ಗಳಿಗೆಯಿಂದ ನನಗೆ ಎಷ್ಟು ಖುಷಿಯಾಗಿದೆ ಅಂದರೆ ಇಲ್ಲಿನ ಕಾವಲುಗಾರ "ಏನಮ್ಮ, ಪ್ರಮೋಷನ್ನಾ?" ಅಂತ ಕೇಳಿದ. ಅದಕ್ಕಿಂತ ದೊಡ್ಡದು ಅಂದೆ.

ಆ ದುಂಬಿ ನನ್ನದು. ಮೂರನೇ ಬೆಟ್ಟದ ನೆತ್ತಿಯಲ್ಲಿ ಕೊಳೆತ ದಿಮ್ಮಿ ಮಗುಚಿದವಳು ನಾನು. ಚಿಪ್ಪು ಏಳದಿದ್ದಾಗ ಕಿರುಚಿದವಳು ನಾನು. ನೀನು ಆಚೆ ಎಲೆ ಜಾಲಿಸುತ್ತಾ "ಏನಾಯ್ತೇ, ಹಾವಾ?" ಅಂದೆ. ಆ ವರ್ಷ ನನ್ನ ಅಮ್ಮ ಹಾಸಿಗೆ ಹಿಡಿದಳು. ನಾನು ಹೋದೆ, ಒಂದು ಚಳಿಗಾಲ ಪೂರ್ತಿ ಅವಳ ಮಂಚದ ಪಕ್ಕ ಕೂತೆ. ಅವಳನ್ನು ಮಣ್ಣು ಮಾಡಿ ತಿರುಗಿ ಬಂದರೆ ನನ್ನ ಪೆಟ್ಟಿಗೆ ನಿನ್ನ ಕಪಾಟಿನಲ್ಲಿತ್ತು, ನನ್ನ ದುಂಬಿ ನಿನ್ನ ಹೆಸರಿನಲ್ಲಿ ಅಚ್ಚಾಗಿತ್ತು. ಕೊನೆಯ ಪುಟದ ಅಡಿಯಲ್ಲಿ ನನಗೂ ಒಂದು ಥ್ಯಾಂಕ್ಸ್ ಇತ್ತು. ಸೂಜಿ ಚುಚ್ಚಿಕೊಟ್ಟಿದ್ದಕ್ಕೆ!

ಈಗ ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ, ಓದಿ ಉರಿದುಕೋ. ಹೊಸ ಹುಳುವಿಗೆ ಹೆಸರಿಡುವಾಗ ಒಂದೇ ಒಂದನ್ನು ಆರಿಸಿ ಕೆಂಪು ಚೀಟಿ ಹಚ್ಚುತ್ತೇವೆ. ಹೆಸರು ಆ ಒಂದು ಹುಳುವಿನದು. ಬೇರೆಯವು ಅದರ ಹಾಗೆ ಇದ್ದರೆ ಮಾತ್ರ ಅವಕ್ಕೂ ಆ ಹೆಸರು. ನೀನು ಆತುರದಲ್ಲಿ ನನ್ನ ಪೆಟ್ಟಿಗೆಯ ಮೊದಲ ಸಾಲಿನ ಮೊದಲ ಹುಳುವಿಗೆ ಕೆಂಪು ಚೀಟಿ ಹಚ್ಚಿದೆ. ಜಾಲಿಸುವುದು ನಿನ್ನ ಕೆಲಸವಾಗಿತ್ತು, ಸಾಲು ಜೋಡಿಸುವುದು ನನ್ನದು. ಜೋಡಿಸುವ ಕೋಣೆಗೆ ನೀನು ಕಾಲಿಟ್ಟವಳೇ ಅಲ್ಲ. ಮೊದಲನೆಯದನ್ನು ನಾನು ಯಾಕೆ ಇಟ್ಟಿದ್ದೆ ಅಂತ ಕೇಳಬಹುದಿತ್ತು. ಕದಿಯುವವಳು ಹೇಗೆ ಕೇಳುತ್ತಾಳೆ?

ಅದು ಕೆಳಗಿನ ಕಾಡಿನದು, ಜರಡಿ. ಹೋಲಿಕೆಗೆ ಇಟ್ಟದ್ದು. ಅದಕ್ಕೆ ರೆಕ್ಕೆ ಇದೆ. ಎಡಗಡೆಯ ಹಿಂಗಾಲಿನ ತುದಿ ಮುರಿದಿದೆ ಎಂದು ನೀನೇ ವರ್ಣಿಸಿ ಬರೆದಿದ್ದೀಯಲ್ಲ, ಆ ಕಾಲು ಮುರಿದದ್ದು ನನ್ನ ಕೈಯಲ್ಲಿ. ಓದಿದ ದಿನವೇ ನನಗೆ ಗೊತ್ತಾಯಿತು. ನೀನು ಇಷ್ಟು ವರ್ಷ ಮೆರೆದದ್ದು ಎಲ್ಲರೂ ಕಾಲಲ್ಲಿ ತುಳಿದುಕೊಂಡು ಓಡಾಡುವ ಒಂದು ಹಳೆಯ ಹುಳುವಿಗೆ ಎರಡನೇ ಹೆಸರಿಟ್ಟು. ಬೆಟ್ಟದ ದುಂಬಿಗೆ ಇವತ್ತಿಗೂ ಹೆಸರಿಲ್ಲ.

ಆಗಲೇ ಯಾಕೆ ಹೇಳಲಿಲ್ಲ ಅನ್ನುತ್ತೀಯ. ಆಗ ಹೇಳಿದ್ದರೆ ನೀನು ಒಂದು ತಿದ್ದುಪಡಿ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ನೀನು ಚೆನ್ನಾಗಿ ಮೇಲಕ್ಕೆ ಹತ್ತಲಿ ಅಂತ ಕಾದೆ.

ವೈವಾ ದಿನ ನಾನು ಬರುತ್ತೇನೆ. ಯಾರು ಬೇಕಾದರೂ ಪ್ರಶ್ನೆ ಕೇಳಬಹುದಲ್ಲ, ನಾನು ಎದ್ದು ಕೇಳುತ್ತೇನೆ, ಕೆಂಪು ಚೀಟಿಯ ಹುಳುವಿನ ಚಿಪ್ಪು ಎತ್ತಿ ನೋಡಿದ್ದೀರಾ ಎಂದು. ನಿನ್ನ ಮಗಳ ನಕ್ಷೆಯ ಒಂದೊಂದು ಚುಕ್ಕೆಯ ಮೇಲೂ ನೀನಿಟ್ಟ ಸುಳ್ಳು ಹೆಸರಿದೆ. ಅದು ಬೇಡ ಅನ್ನುವುದಾದರೆ ಡಿಸೆಂಬರಿನೊಳಗೆ ನೀನೇ ಅವಳನ್ನು ಕೂರಿಸಿಕೊಂಡು ಹೇಳು, ಕದ್ದೆ, ನೆಟ್ಟಗೆ ಕದಿಯಲೂ ಬರಲಿಲ್ಲ ಎಂದು.

ಇಕ್ಕಳ


ಜೂನ್ 28

ಇಕ್ಕಳ,

ನಿನ್ನ ಕಾಗದ ಬಂತು. ವಯಸ್ಸಾದ ಮೇಲೆ ಜನ ಮೆತ್ತಗಾಗುತ್ತಾರೆ ಎಂದುಕೊಂಡಿದ್ದೆ.

ಮೇಷ್ಟ್ರೇ ಬರೆ ಅಂದಿದ್ದರು. ನೀನು ಬರುತ್ತೀಯೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಬೇರೆ ದೇಶದವರು ಅದೇ ಬೆಟ್ಟ ಹತ್ತಲು ಅನುಮತಿ ಕೇಳಿದ್ದರು. ಯಾರಾದರೂ ಬರೆಯಲೇಬೇಕಿತ್ತು. ಇಷ್ಟು ವರ್ಷ ಹತ್ತಾರು ಮಂದಿ ಆ ವರ್ಣನೆ ಇಟ್ಟುಕೊಂಡು ಕೆಲಸ ಮಾಡಿದ್ದಾರೆ, ಯಾರೂ ತಪ್ಪು ಹುಡುಕಲಿಲ್ಲ. ನೆಲಮಾಳಿಗೆಯಲ್ಲಿ ಕೂತು ಹೊಟ್ಟೆ ಉರಿಸಿಕೊಂಡರೆ ಕಣ್ಣಿಗೆ ಏನೇನೋ ಕಾಣುತ್ತದೆ.

ಕೆಂಪು ಚೀಟಿಯ ಹುಳು ಬೀಗದೊಳಗಿದೆ. ನಿನ್ನ ಮಾತು ಕೇಳಿ ಅದರ ಚಿಪ್ಪು ಎಬ್ಬಿಸಿ ಹಾಳು ಮಾಡುವಷ್ಟು ತಲೆ ಕೆಟ್ಟಿಲ್ಲ ನನಗೆ.

ನನ್ನ ಮಗಳ ಸುದ್ದಿಗೆ ಬರಬೇಡ.

— (ನೀನು ಇಟ್ಟ ಹೆಸರಿನಲ್ಲಿ ಸಹಿ ಹಾಕುವುದಿಲ್ಲ)


ಆಗಸ್ಟ್ 9
ನಾಲ್ಕನೇ ಬೆಟ್ಟ

ದೊಡ್ಡಮ್ಮ,

ಇಲ್ಲಿ ಮಂಜು ಎಷ್ಟಿದೆ ಅಂದರೆ ಊಟದ ತಟ್ಟೆ ಎಲ್ಲಿಟ್ಟೆ ಎಂದು ತಡಕಾಡಬೇಕು. ಸಾಕ್ಸು ಒಣಗುವುದಿಲ್ಲ, ಆದ್ದರಿಂದ ಹಾಕಿಕೊಳ್ಳದೆಯೇ ಮಲಗುತ್ತೇನೆ. ನಿಮ್ಮ ಮಾತು ಮೀರಿಲ್ಲ.

ಒಂದು ಸಂಗತಿ ಹೇಳಲೇಬೇಕು. ಎರಡನೇ ಬೆಟ್ಟದ ಮೇಲೆ ಕರೆಂಟಿನ ದೊಡ್ಡ ತಂತಿ ಹಾದುಹೋಗುತ್ತದಲ್ಲ, ಅದಕ್ಕಾಗಿ ಕಾಡನ್ನು ಉದ್ದಕ್ಕೂ ಒಂದು ರಸ್ತೆಯಷ್ಟು ಅಗಲ ಬೋಳಿಸಿದ್ದಾರೆ. ಅದರ ಈಚೆಯ ಅಂಚಿನಲ್ಲಿ ನೆಲಕ್ಕೆ ಲೋಟ ಹೂತೆ, ದುಂಬಿ ಬಿತ್ತು. ಆಚೆಯ ಅಂಚಿನಲ್ಲಿ ಹೂತೆ, ಬಿತ್ತು. ನಡುವಿನ ಬಿಸಿಲಿನಲ್ಲಿ ಹೂತ ಲೋಟಗಳಲ್ಲಿ ಇಡೀ ತಿಂಗಳು ಒಂದೂ ಇಲ್ಲ. ಈಚೆಯವಕ್ಕೆ ಉಗುರುಬಣ್ಣದಲ್ಲಿ ಬಿಳಿ ಚುಕ್ಕೆ ಇಟ್ಟು ಬಿಟ್ಟೆ. ಒಂದೂ ಆಚೆ ಹೋಗಿ ಸಿಕ್ಕಿಲ್ಲ. ಅಷ್ಟಗಲದ ಜಾಗ ದಾಟಲು ಅವುಗಳಿಗೆ ಆಗುವುದಿಲ್ಲ. ನನ್ನ ನಕ್ಷೆಯಲ್ಲಿ ಆ ಬೆಟ್ಟವನ್ನು ಒಂದು ಎಂದು ತೋರಿಸಬೇಕೋ ಎರಡು ಎಂದೋ ತಿಳಿಯುತ್ತಿಲ್ಲ.

ಈ ನಾಲ್ಕನೇ ಬೆಟ್ಟದಲ್ಲಿ ನಮ್ಮ ದುಂಬಿ ಇಲ್ಲ. ರೆಕ್ಕೆಯ ದಾಯಾದಿ ಮಾತ್ರ ನೆತ್ತಿಯವರೆಗೂ ಹತ್ತಿ ಕೂತಿದೆ. ಇಲ್ಲ ಎಂದು ಬರೆಯಲು ಇದೆ ಎಂದು ಬರೆಯುವುದಕ್ಕಿಂತ ಜಾಸ್ತಿ ಧೈರ್ಯ ಬೇಕು, ಅಲ್ಲವಾ? ಇನ್ನೊಂದು ದಿಮ್ಮಿ ಮಗುಚಿದ್ದರೆ ಸಿಗುತ್ತಿತ್ತೇನೋ ಅನ್ನಿಸುತ್ತಲೇ ಇರುತ್ತದೆ.

ನೀವು ನಿಲ್ಲಿಸಿಕೊಟ್ಟ ಹುಳುಗಳನ್ನು ನೋಡಿ ನೋಡಿ ನಾನೂ ನೆಟ್ಟಗೆ ಚುಚ್ಚುತ್ತಿದ್ದೇನೆ. ಇಷ್ಟು ತಾಳ್ಮೆಯಿಂದ ನನಗೆ ಯಾರೂ ಹೇಳಿಕೊಟ್ಟಿಲ್ಲ. ನೀವೂ ಅಮ್ಮನೂ ಯಾಕೆ ಮಾತು ಬಿಟ್ಟಿರಿ, ದೊಡ್ಡಮ್ಮ?

ನಿಮ್ಮ,
ಪುಟ್ಟಿ


ಆಗಸ್ಟ್ 20

ಪುಟ್ಟಿ,

ತಂತಿಯ ಅಡಿಯ ಸಂಗತಿ ಓದಿ ಕುರ್ಚಿಯಿಂದ ಎದ್ದುಬಿಟ್ಟೆ. ಎರಡು ಎಂದೇ ತೋರಿಸು. ಯಾವ ಪರೀಕ್ಷಕ ತಲೆ ಅಲ್ಲಾಡಿಸಿದರೂ ಬಿಡಬೇಡ. ಹಾರಲಾರದ ಹುಳುವಿನ ನಕ್ಷೆಯನ್ನು ಹಾರಲಾರದವರ ಕಾಲಿನಿಂದಲೇ ಅಳೆಯಬೇಕು. ನನಗೆ ಮೊಣಕಾಲು ಹೋಗಿದೆ, ಇಲ್ಲದಿದ್ದರೆ ನಾಳೆಯೇ ಬಂದು ನಿನ್ನ ಲೋಟಗಳ ಪಕ್ಕ ಕೂರುತ್ತಿದ್ದೆ.

ಇಲ್ಲ ಎಂದು ಬರೆಯುವ ವಿಷಯ. ಎಲ್ಲೆಲ್ಲಿ, ಎಷ್ಟು ಸಲ, ಹೇಗೆ ಹುಡುಕಿದೆ ಎಂದು ಬರೆದು ಆಮೇಲೆ ಇಲ್ಲ ಅನ್ನು. ಅಷ್ಟೇ ನಿನ್ನ ಕೈಯಲ್ಲಿರುವುದು.

ನಿನ್ನ ಪೆಟ್ಟಿಗೆ ಬಂದ ದಿನ ಇಲ್ಲಿ ಎಲ್ಲರಿಗಿಂತ ಮೊದಲೇ ಬಂದು ದೀಪ ಹಾಕಿಕೊಂಡು ಕೂರುತ್ತೇನೆ. ಮಧ್ಯಾಹ್ನದ ಬ್ರೆಡ್ಡು ಮರೆತುಹೋಗುತ್ತದೆ. ನೀನು ನನ್ನ ಮಗಳಾಗಿದ್ದರೆ ಎಂದು ಒಂದೆರಡು ಸಲ ಅನ್ನಿಸಿದ್ದೂ ಉಂಟು. ಆಮೇಲೆ ನಿನ್ನ ಗಲ್ಲ ನಿನ್ನ ಅಮ್ಮನದೇ ಎಂದು ನೆನಪಾಗಿ ಸಿಟ್ಟು ಬರುತ್ತದೆ.

ಮಾತು ಯಾಕೆ ಬಿಟ್ಟೆವು ಎಂದು ನಿನ್ನ ಅಮ್ಮನನ್ನು ಕೇಳು. ಅವಳ ಬಾಯಿಂದಲೇ ಬರಬೇಕಾದ ಮಾತು ಅದು.

ದೊಡ್ಡಮ್ಮ


ಸೆಪ್ಟೆಂಬರ್ 17

ಇಕ್ಕಳ,

ತೆಗೆದು ನೋಡಿದೆ. ರೆಕ್ಕೆ ಇದೆ.

ಎರಡು ತಿಂಗಳು ವಿಭಾಗದ ಕಪಾಟಿನ ಮುಂದೆ ಓಡಾಡಿದೆ, ಬೀಗದ ಕೈ ಹಿಡಿದುಕೊಂಡು. ಕೊನೆಗೆ ಎಲ್ಲರನ್ನೂ ಊಟಕ್ಕೆ ಕಳಿಸಿ ತೆಗೆದೆ. ಸೂಜಿ ಜಾರಿ ಚಿಪ್ಪು ಮುರಿಯುವುದರಲ್ಲಿತ್ತು. ಮುರಿದರೂ ಚಿಂತೆಯಿಲ್ಲ ಅನ್ನಿಸಿತು ಒಂದು ಕ್ಷಣ.

ನೀನು ಹೇಳಿದ್ದು ಸರಿ. ಮೇಷ್ಟ್ರು ಬರೆ ಅಂದಿದ್ದರು ಅಂದೆನಲ್ಲ, ಅವರು ಇಬ್ಬರೂ ಸೇರಿ ಬರೆಯಿರಿ ಅಂದಿದ್ದರು. ಆಯಿತಾ? ಇದನ್ನು ನನ್ನ ಕೈಯಲ್ಲಿ ಬರೆಸಬೇಕು ಎಂದಿತ್ತು ನಿನಗೆ, ಬರೆದಿದ್ದೇನೆ.

ಈಗ ನನ್ನ ಮಾತು ಕೇಳು. ಕೆಂಪು ಚೀಟಿಯನ್ನು ಪಕ್ಕದ ಹುಳುವಿಗೆ ಹಚ್ಚಿಬಿಡುತ್ತೇನೆ. ಅದು ಬೆಟ್ಟದ್ದೇ, ನೋಡಿದ್ದೇನೆ. ಯಾರಿಗೂ ನಷ್ಟವಿಲ್ಲ. ಹೆಸರು ಉಳಿಯುತ್ತದೆ, ಅವಳ ನಕ್ಷೆ ಉಳಿಯುತ್ತದೆ. ಮುಂದೆ ನಾವಿಬ್ಬರೂ ಸೇರಿ ಒಂದು ಲೇಖನ ಬರೆಯೋಣ, ನಿನ್ನ ಹೆಸರು ಮೊದಲು. ನೀನು ಸುಮ್ಮನಿದ್ದರೆ ಸಾಕು. ಇಷ್ಟು ವರ್ಷ ಸುಮ್ಮನಿರಲಿಲ್ಲವಾ?

ಅವಳು ರಾತ್ರಿ ಹಗಲು ಅದೇ ನಕ್ಷೆ ಅನ್ನುತ್ತಿರುತ್ತಾಳೆ. ಅವಳಿಗೆ ಏನೂ ಮಾಡಬೇಡ.

ಜರಡಿ


ಸೆಪ್ಟೆಂಬರ್ 24

ಜರಡಿ,

ಚೀಟಿ ಮುಟ್ಟಿ ನೋಡು. ಮುರಿದ ಕಾಲನ್ನು ನೀನೇ ಅಚ್ಚು ಹಾಕಿಸಿದ್ದೀಯ. ಪಕ್ಕದ ಹುಳುವಿನ ಕಾಲನ್ನೂ ಅದೇ ಜಾಗದಲ್ಲಿ ಮುರಿಯುತ್ತೀಯಾ? ಮುರಿದರೂ ಮುರಿದೆ, ನಿನ್ನನ್ನು ನಂಬುವ ಹಾಗಿಲ್ಲ.

ನಿನ್ನ ಕಾಗದ ಓದಿದಾಗ ಕುಣಿಯಬೇಕು ಅಂದುಕೊಂಡಿದ್ದೆ. ಕುಣಿಯಲಿಲ್ಲ, ಆದರೆ ಚೆನ್ನಾಗಿ ನಿದ್ದೆ ಬಂತು. ನನ್ನ ಅಮ್ಮನ ಮಂಚದ ಪಕ್ಕ ಕೂತು ನಾನು ನಿನಗೆ ಕಾಗದ ಬರೆದಿದ್ದೆ, ನೆನಪಿದೆಯಾ? ಪೆಟ್ಟಿಗೆಯನ್ನು ಇರುವೆಯಿಂದ ಕಾಪಾಡೇ, ಬಂದ ಮೇಲೆ ಇಬ್ಬರೂ ಕೂತು ಬರೆಯೋಣ ಅಂತ. ನೀನು ಉತ್ತರ ಬರೆಯಲಿಲ್ಲ. ಬಿಡುವಿರಲಿಲ್ಲ ನಿನಗೆ, ನನ್ನ ಹುಳುವಿನ ವರ್ಣನೆ ಬರೆಯುತ್ತಿದ್ದೆ. ನನ್ನ ಹೆಸರು ಮೊದಲು ಅಂತೆ. ಎಂಜಲು ತಟ್ಟೆಯಲ್ಲಿ ನನಗೆ ಮೊದಲ ತುತ್ತು!

ನಿನ್ನ ಮುಖ ನೋಡಬೇಕು ನನಗೆ. ಆ ವೈವಾ ಹಾಲಿನಲ್ಲಿ, ನೀನು ಬೆಳೆಸಿದ ವಿದ್ಯಾರ್ಥಿಗಳ ಎದುರು, ನಿನಗೆ ಹಾರ ಹಾಕಿದವರ ಎದುರು. ಅದಕ್ಕೇ ಇಷ್ಟು ವರ್ಷ ಬದುಕಿದ್ದೇನೆ ಎಂದರೆ ಜಾಸ್ತಿ ಆಯಿತು, ಆದರೆ ಬಹಳ ಜಾಸ್ತಿ ಆಗಲಿಲ್ಲ.

ಹುಡುಗಿಗೆ ಏನೂ ಆಗಬಾರದು ಅಂದರೆ ದಾರಿ ನಿನಗೆ ಗೊತ್ತು. ಬಾಯಿ ಬಿಡು.

ಇಕ್ಕಳ


ನವೆಂಬರ್ 3

ದೊಡ್ಡಮ್ಮ,

ಬೆಟ್ಟ ಇಳಿದು ಬಂದಿದ್ದೇನೆ. ನಕ್ಷೆ ಅಚ್ಚಾಗಿದೆ. ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ ಅಮ್ಮನಿಗೆ ತೋರಿಸಿದೆ. ತುಂಬ ಹೊತ್ತು ನೋಡಿದಳು, ಚೆನ್ನಾಗಿದೆ ಅಂದಳು, ಅಳು ಬಂತು ಅವಳಿಗೆ.

ಥೀಸಿಸ್ ಇದೇ 20ಕ್ಕೆ ಒಪ್ಪಿಸಬೇಕು. ವೈವಾ ಡಿಸೆಂಬರ್ 12, ಬೆಳಿಗ್ಗೆ, ಮೇಲ್ಮಹಡಿಯ ಹಾಲಿನಲ್ಲಿ. ನೀವು ಬರಲೇಬೇಕು.

ಅಮ್ಮನಿಗೆ ಕೇಳಿದ್ದನ್ನೇ ನಿಮಗೂ ಕೇಳುತ್ತೇನೆ. ಕೆಂಪು ಚೀಟಿಯ ಹುಳುವಿನ ಬಗ್ಗೆ ನಾನು ತಿಳಿದುಕೊಳ್ಳಬೇಕಾದ್ದು ಏನಾದರೂ ಇದೆಯಾ? ಏನಿದ್ದರೂ ಈಗ ಹೇಳಿ. ಇನ್ನೂ ತಿದ್ದಬಹುದು.

ಪುಟ್ಟಿ


ನವೆಂಬರ್ 10

ಪುಟ್ಟಿ,

ಎಲ್ಲ ಪೆಟ್ಟಿಗೆಗಳಿಗೂ ಸಹಿ ಹಾಕಿ ಕಳಿಸಿದ್ದೇನೆ. ನೀನು ಹಿಡಿದ ಹುಳುಗಳಲ್ಲಿ ಒಂದೂ ತಪ್ಪಿಲ್ಲ. ಕೆಂಪು ಚೀಟಿಯದು ನಿನ್ನ ಅಮ್ಮನ ಕಪಾಟಿನಲ್ಲಿದೆ, ಅದರ ಬಗ್ಗೆ ಹೇಳಬೇಕಾದವಳು ಅವಳು. ನನ್ನ ಕಡೆಯಿಂದ ಏನೂ ಇಲ್ಲ.

ಹನ್ನೆರಡಕ್ಕೆ ಬರುತ್ತೇನೆ.

ದೊಡ್ಡಮ್ಮ


ನವೆಂಬರ್ 10

ಜರಡಿ,

ಅವಳು ಕೇಳಿದಳು. ನೆಟ್ಟಗೆ ಕೇಳಿದಳು. ಏನೂ ಇಲ್ಲ ಎಂದು ಬರೆದು ಅಂಚೆಗೆ ಹಾಕಿ ಬಂದೆ. ಬಂದಾಗಿನಿಂದ ಕೈ ತೊಳೆಯುತ್ತಿದ್ದೇನೆ.

ಇನ್ನೂ ಹತ್ತು ದಿನ ಇದೆ. ನಿನಗೆ ಕೈ ಮುಗಿಯುತ್ತೇನೆ, ಹೌದು, ನಾನೇ ಬರೆಯುತ್ತಿದ್ದೇನೆ, ಓದಿಕೋ. ಹೇಳಿಬಿಡೇ. ಕದ್ದ ವಿಷಯ ಬೇಕಾದರೆ ಬಿಡು, ರೆಕ್ಕೆಯ ವಿಷಯವನ್ನಾದರೂ ಹೇಳು. ಹಾಲಿನಲ್ಲಿ ಎದ್ದು ನಿಲ್ಲುವಾಗ ನನ್ನ ಕಣ್ಣಿಗೆ ನೀನೊಬ್ಬಳೇ ಕಾಣಬೇಕು. ಈಚೆಗೆ ಅವಳೂ ಕಾಣುತ್ತಿದ್ದಾಳೆ.

ಇಕ್ಕಳ


ನವೆಂಬರ್ 16

ಇಕ್ಕಳ,

ನನ್ನನ್ನೂ ಕೇಳಿದಳು. ಎಲ್ಲ ಸರಿಯಾಗಿದೆ ಮಗಳೇ ಅಂದೆ. ನನ್ನ ಮುಖವನ್ನೇ ನೋಡಿದಳು. ನಾನು ನಕ್ಷೆ ನೋಡಿದೆ.

ನನ್ನ ಕೈಯಲ್ಲಿ ಆಗುವುದಿಲ್ಲ. ಪ್ರಪಂಚದಲ್ಲಿ ಇನ್ನು ಯಾರೂ ನನ್ನನ್ನು ಹಾಗೆ ತಲೆ ಎತ್ತಿ ನೋಡುವವರಿಲ್ಲ. ನೀನು ಹೇಳು. ನಿನಗೆ ದ್ವೇಷ ಇರುವುದು ನನ್ನ ಮೇಲೆ, ಅವಳ ಮೇಲಲ್ಲ. ನೀನು ಹೇಳಿದರೆ ಅವಳು ನನ್ನನ್ನು ಬಿಡುತ್ತಾಳೆ, ನಿನಗೂ ಅದೇ ಬೇಕಲ್ಲ. ಹೇಳು.

ಜರಡಿ


ಡಿಸೆಂಬರ್ 11

ಅಮ್ಮ, ದೊಡ್ಡಮ್ಮ,

ಇಬ್ಬರಿಗೂ ಒಂದೇ ಕಾಗದ. ನಾಳೆ ಹಾಲಿನ ಬಾಗಿಲು ತೆಗೆಯುವವರ ಹತ್ತಿರ ಕೊಟ್ಟು ಹೋಗುತ್ತಿದ್ದೇನೆ. ವೈವಾ ನಾಳೆ ಅಲ್ಲ. ಡಿಸೆಂಬರ್ 2ಕ್ಕೇ ಮುಗಿಯಿತು. ನಿಮಗೆ ಬೇಕೆಂದೇ ತಪ್ಪು ದಿನ ಹೇಳಿದೆ, ನಿಮ್ಮ ಕಿವಿಗೆ ಹಾಕಬೇಡಿ ಎಂದು ಗೈಡ್‌ಗೂ ಹೇಳಿದ್ದೆ.

ಕೆಂಪು ಚೀಟಿಯ ಹುಳುವನ್ನು ನಾನು ನೋಡಿದ್ದು ಮಾರ್ಚಿನಲ್ಲಿ. ಅಮ್ಮ ಸಮ್ಮೇಳನಕ್ಕೆ ಹೋಗಿದ್ದಳು, ಕಪಾಟು ನೋಡಿಕೊಳ್ಳುವವರು ತೆಗೆದುಕೊಟ್ಟರು. ಚಿಪ್ಪು ಎದ್ದಿತು, ಅಡಿಯಲ್ಲಿ ರೆಕ್ಕೆ ಇತ್ತು. ಮೆಟ್ಟಿಲ ಮೇಲೆ ಕೂತು ಅತ್ತೆ. ಅಮ್ಮನಿಗೆ ಗೊತ್ತಿಲ್ಲ, ಕೈತಪ್ಪಿದೆ, ಯಾರಾದರೂ ಮೆಲ್ಲಗೆ ಹೇಳಿದರೆ ಚೆನ್ನ ಅಂದುಕೊಂಡೆ. ಅದಕ್ಕೇ ದೊಡ್ಡಮ್ಮನಿಗೆ ಬರೆದೆ. ನನ್ನ ಹುಳು ನೋಡಿದವರು ಕೆಂಪು ಚೀಟಿಯದನ್ನೂ ಕೇಳಿಯೇ ಕೇಳುತ್ತಾರೆ, ಇಬ್ಬರೂ ಸೇರಿ ಸರಿಮಾಡಿಕೊಡುತ್ತಾರೆ ಎಂದು.

ಪೆಟ್ಟಿಗೆ ವಾಪಸ್ ಬಂತು. ಪ್ರತಿ ಸಾಲಿನ ಮೊದಲಿಗೆ ಚೀಟಿಯಿಲ್ಲದ ಒಂದು ರೆಕ್ಕೆಯ ಹುಳು. ಕೆಂಪು ಚೀಟಿಯ ಹುಳುವಿದ್ದ ಹಳೆಯ ಪೆಟ್ಟಿಗೆಯಲ್ಲೂ ಸಾಲುಗಳು ಹೀಗೆಯೇ ಇದ್ದವು. ಆಗ ಗೊತ್ತಾಯಿತು ಅದು ಯಾರದು ಎಂದು. ಅಮ್ಮ, ನೀನು ಏನು ಮಾಡಿದೆ ಎಂದೂ ಗೊತ್ತಾಯಿತು. ದೊಡ್ಡಮ್ಮ, ನಿಮಗೆ ಎಲ್ಲ ಗೊತ್ತಿದೆ ಎಂದೂ ಗೊತ್ತಾಯಿತು. ನಡುನಡುವೆ ಬೆಟ್ಟ ಇಳಿದು ಮನೆಗೆ ಬಂದಾಗ ಕಂಡ ಲಕೋಟೆಗಳ ಮೇಲೆ ನಿಮ್ಮ ಅಕ್ಷರ ಇರುತ್ತಿತ್ತು. ನಾನು ಒಂದನ್ನೂ ಒಡೆಯಲಿಲ್ಲ. ಅಮ್ಮನ ಮುಖ ನೋಡಿದರೆ ಒಳಗೇನಿದೆ ಎಂದು ತಿಳಿಯುತ್ತಿತ್ತು.

ಆಮೇಲೆ ನಾನು ಕಾದೆ. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಹೇಳುತ್ತೀರಿ ಎಂದು. ಕೊನೆಗೆ ಬಾಯಿ ಬಿಟ್ಟು ಕೇಳಿದೆ. ಒಬ್ಬರು ಎಲ್ಲ ಸರಿಯಾಗಿದೆ ಅಂದಿರಿ, ಇನ್ನೊಬ್ಬರು ಏನೂ ಇಲ್ಲ ಅಂದಿರಿ. ನಿಮ್ಮ ಜಗಳದಲ್ಲಿ ನಾನು ನೆಲಕ್ಕೆ ಹೂತ ಲೋಟ. ಯಾರು ಬೀಳುತ್ತಾರೆ ಎಂದು ಇಬ್ಬರೂ ಆಚೆ ಈಚೆ ನಿಂತು ನೋಡುತ್ತಿದ್ದಿರಿ.

ಹಳೆಯ ಹೆಸರು ಸಲ್ಲುವುದಿಲ್ಲ ಎಂದು ಒಂದು ಅಧ್ಯಾಯ ಬರೆದು ಸೇರಿಸಿದ್ದೆ. ಬೆಟ್ಟದ ದುಂಬಿಗೆ ಹೊಸ ಹೆಸರಿಟ್ಟಿದ್ದೇನೆ. ಯಾವ ಮನುಷ್ಯರ ಹೆಸರೂ ಅದರಲ್ಲಿಲ್ಲ. ನಕ್ಷೆಯನ್ನು ಎಲ್ಲರೂ ಮೆಚ್ಚಿದರು, ತಂತಿಯ ಅಡಿಯ ಜಾಗದಲ್ಲಿ ಮತ್ತೆ ಗಿಡ ನೆಡಿಸುವ ಮಾತು ಶುರುವಾಗಿದೆ. ಪರೀಕ್ಷಕರೊಬ್ಬರು ಕೇಳಿದರು, ಈ ತಪ್ಪು ಇದಕ್ಕೂ ಮೊದಲು ಯಾರಿಗಾದರೂ ಗೊತ್ತಿತ್ತಾ ಅಂತ. ಯಾರಿಗೂ ಗೊತ್ತಿರಲಿಲ್ಲ, ನಾನೇ ಕಂಡುಹಿಡಿದೆ ಅಂದೆ. ಹಾಗೆಯೇ ಅಚ್ಚಾಗುತ್ತದೆ.

ಅಮ್ಮ, ನನ್ನ ಬಟ್ಟೆಬರೆ ತೆಗೆದುಕೊಂಡು ಹೋಗಿದ್ದೇನೆ. ಇಬ್ಬರೂ ನನ್ನನ್ನು ಹುಡುಕಬೇಡಿ.

ಇಷ್ಟೇ.


ಡಿಸೆಂಬರ್ 14

ಪುಟ್ಟಿ,

ನಿನ್ನ ವಿಳಾಸ ಗೊತ್ತಿಲ್ಲದ್ದರಿಂದ ಇದನ್ನು ನಿನ್ನ ಗೈಡ್ ಹತ್ತಿರ ಕೊಡುತ್ತಿದ್ದೇನೆ. ತಲುಪಿಸುತ್ತಾರೋ ಇಲ್ಲವೋ.

ಹನ್ನೆರಡಕ್ಕೆ ಬಂದೆ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು, ದಾರಿಯುದ್ದಕ್ಕೂ ನನ್ನ ಪ್ರಶ್ನೆಯನ್ನು ಬಾಯಿಪಾಠ ಮಾಡಿಕೊಂಡು ಬಂದೆ. ಹಾಲಿನಲ್ಲಿ ಒಬ್ಬಾತ ನೆಲ ಒರೆಸುತ್ತಿದ್ದ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು, ಒಂದನ್ನು ಬಿಟ್ಟು. ಅದರ ಮೇಲೆ ನಿನ್ನ ಅಮ್ಮ ಕೂತಿದ್ದಳು. ಇಷ್ಟು ವರ್ಷದ ಮೇಲೆ ನೋಡಿದ್ದು. ತಲೆ ಪೂರ್ತಿ ಬೆಳ್ಳಗಾಗಿದೆ, ನನಗೆ ಯಾರೂ ಹೇಳಿರಲಿಲ್ಲ.

ನಿನ್ನ ಕಾಗದ ಅವಳ ಕೈಯಲ್ಲಿತ್ತು, ಒಡೆದಿರಲಿಲ್ಲ. ಗಾಬರಿಯಲ್ಲಿ ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳು. "ಓದೇ" ಅಂದಳು. ನಿಂತುಕೊಂಡೇ ಓದಿದೆ, ಗಟ್ಟಿಯಾಗಿ, ಒಂದು ಅಕ್ಷರ ಬಿಡದೆ. ನೆಲ ಒರೆಸುವವನೂ ಕೈ ನಿಲ್ಲಿಸಿ ಕೇಳಿದ. ಮುಖ ನೋಡಬೇಕು ಅಂತ ಬಂದವಳು ನಾನು. ಕಾಗದದಿಂದ ಕಣ್ಣು ಮೇಲೆತ್ತಲು ಆಗಲಿಲ್ಲ, ಹೇಗಿತ್ತೋ ಅವಳ ಮುಖ, ಗೊತ್ತಿಲ್ಲ.

ಆಮೇಲೆ ಜಗಳ ಶುರುವಾಯಿತು. "ನೀನು ಹೇಳ್ಬಹುದಿತ್ತು" ಅಂತ ಅವಳು, "ನೀನು ಹೇಳ್ಬೇಕಿತ್ತು" ಅಂತ ನಾನು. ಒರೆಸುವವನು "ಅಮ್ಮ, ಹಾಲ್‌ಗೆ ಬೀಗ ಹಾಕ್ಬೇಕು" ಅನ್ನುವವರೆಗೆ ಜಗಳವಾಡಿದೆವು. ಬೀದಿಗೆ ಬಂದ ಮೇಲೂ ಆಡಿದೆವು. ಅವಳನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಬಸ್ಸಿಗೆ ಹತ್ತುವಾಗ "ಅವಳು ನನ್ ಹಾಗಲ್ಲ, ನಿನ್ ಹಾಗೆ" ಅಂದಳು. ನನ್ನನ್ನು ಬೈಯಲು ಅಂದದ್ದು. ಬೈಗುಳ ತಾಗಿತು.

ನೀನು ಮಾಡಿದ್ದು ಸರಿಯೋ ತಪ್ಪೋ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಹೊಸ ಹೆಸರು ಚೆನ್ನಾಗಿಯೇ ಇರುತ್ತದೆ. ನಕ್ಷೆ ನಿನ್ನದು, ದುಂಬಿಯೂ ಈಗ ನಿನ್ನದು. ಒಂದೇ ಒಂದು ಕೇಳುತ್ತೇನೆ. ಯಾರಿಗೂ ಗೊತ್ತಿರಲಿಲ್ಲ ಅಂದೆಯಲ್ಲ, ಅಚ್ಚಿಗೆ ಹೋಗುವ ಮೊದಲು ಅದೊಂದು ಸಾಲು ತಿದ್ದು. ಕಂಡುಹಿಡಿದವಳು ಎಂದು ಬರೆಯಬೇಡ, ಥ್ಯಾಂಕ್ಸ್ ಹೇಳಬೇಡ. ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಒಬ್ಬಳಿದ್ದಳು, ಅವಳಿಗೆ ಮೊದಲಿನಿಂದ ಗೊತ್ತಿತ್ತು, ಕೇಳಿದಾಗಲೂ ಹೇಳಲಿಲ್ಲ ಎಂದು ಬರೆ. ಹಾಗಾದರೂ ಬರೆ.

ಇಕ್ಕಳ